ಹಲ್ಲು ಹೋದ ಮೇಲೆ ಕರುಳಿನ ಪಾಡು

ಇಳಿವಯಸ್ಸಿನಲ್ಲಿ ಊಟದ ತಟ್ಟೆ ಕಿರಿದಾಗುವುದು ಮನೆಯವರ ಗಮನಕ್ಕೆ ಬರುವುದೇ ಇಲ್ಲ. ದವಡೆ ಹಲ್ಲು ಬಿದ್ದ ಮೇಲೆ ಕಾಳು, ಸೌತೆಕಾಯಿ, ಸೀಬೆಹಣ್ಣು ದೂರವಾಗುತ್ತವೆ. ಗ್ಯಾಸ್ಟ್ರಿಕ್ ಆಗುತ್ತದೆಂದು ಹುರುಳಿ, ಅವರೆ ಬಿಡುತ್ತಾರೆ. ಶುಗರ್ ಬಂದ ಮೇಲೆ ಹಣ್ಣಿನ ಮೇಲೂ ಅನುಮಾನ. ಸಂಗಾತಿ ತೀರಿಕೊಂಡು, ಮಕ್ಕಳು ಬೆಳಿಗ್ಗೆಯೇ ಕೆಲಸಕ್ಕೆ ಹೋಗುವ ಮನೆಯಲ್ಲಿ ಒಬ್ಬರಿಗಾಗಿ ಸೊಪ್ಪು ಬಿಡಿಸಿ, ತೊಳೆದು, ಬೇಯಿಸುವ ಉಸಾಬರಿ ಬೇಡವೆನಿಸುತ್ತದೆ. ಕೊನೆಗೆ ಉಳಿಯುವುದು ಮೆತ್ತಗಿನ ಬಿಳಿ ಅನ್ನ, ತಿಳಿಸಾರು, ಎರಡು ಇಡ್ಲಿ, ಟೀಯಲ್ಲಿ ಅದ್ದಿದ ಬನ್ನು, ಬಿಸ್ಕತ್ತು. ಹೊಟ್ಟೆಯೇನೋ ತುಂಬುತ್ತದೆ, ಆದರೆ ದೊಡ್ಡ ಕರುಳಿನವರೆಗೆ ಹೋಗಿ ಮುಟ್ಟುವ ಆಹಾರ ಅದರಲ್ಲಿ ಬಹಳ ಕಡಿಮೆ. ವಯಸ್ಸಾದವರ ಮಲಬದ್ಧತೆ, ನಿಶ್ಶಕ್ತಿ, ಸೊರಗುವಿಕೆಗಳ ಹಿಂದಿನ ಕಾರಣಗಳಲ್ಲಿ ಈ ತಟ್ಟೆಯೂ ಒಂದು.

ಮಾಗಡಿ ರಸ್ತೆಯ ಹೇರೋಹಳ್ಳಿಯಂಥ ಕಡೆ ಊಟದ ಈ ಬದಲಾವಣೆ ಒಂದೇ ತಲೆಮಾರಿನೊಳಗೆ ಆಗಿದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಗುವವರೆಗೆ ಇದು ನಗರದ ಅಂಚಿನ, ಕೆರೆಯ ಬದಿಯ ಹಳ್ಳಿ. ಇಂದು ಸುಂಕದಕಟ್ಟೆ, ಅಂಜನಾನಗರ, ಬ್ಯಾಡರಹಳ್ಳಿಗಳ ಜೊತೆ ಬೆಸೆದುಕೊಂಡ ಬಡಾವಣೆ. ಹಳೆಯ ಊರಿನ ಹಿರಿಯರಾಗಲಿ, ಮಾಗಡಿ, ಕುಣಿಗಲ್ ಕಡೆಯಿಂದ ಮಕ್ಕಳ ಹಿಂದೆ ಬಂದು ನೆಲೆಸಿದವರಾಗಲಿ, ಎಳವೆಯಲ್ಲಿ ಉಂಡದ್ದು ಬಯಲುಸೀಮೆಯ ಊಟ: ರಾಗಿ, ಕಾಳು, ಸೊಪ್ಪು, ಮಜ್ಜಿಗೆ. 2011ರ ಜನಗಣತಿಯ ಹೊತ್ತಿಗೆ ರಾಜ್ಯದ ಜನಸಂಖ್ಯೆಯಲ್ಲಿ 60 ದಾಟಿದವರ ಪಾಲು ಶೇ 9.5ರಷ್ಟಿತ್ತು, ಆ ಪಾಲು ಏರುತ್ತಲೇ ಇದೆ. ಕರುಳಿನ ಆರೋಗ್ಯದ ಬಗ್ಗೆ ಈಚಿನ ವಿಜ್ಞಾನ ಹೇಳುತ್ತಿರುವುದನ್ನೂ ಈ ಹಿರಿಯರು ಬಿಟ್ಟುಬಂದ ಊಟವನ್ನೂ ಪಕ್ಕಪಕ್ಕದಲ್ಲಿಟ್ಟರೆ ಹೊಂದಿಕೆ ಎದ್ದು ಕಾಣುತ್ತದೆ. ಎಲ್ಲ ಕಡೆಯೂ ಅಲ್ಲ. ಅದನ್ನು ಮುಂದೆ ನೋಡಬಹುದು.

ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು 2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಹಾಕಿದ ಅಂದಾಜು. ದೇಹದ ಸ್ವಂತ ಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಈ ಜೀವಿಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಅನ್ನದ ಪಿಷ್ಟ, ಸಕ್ಕರೆ, ಎಣ್ಣೆ ಸಣ್ಣ ಕರುಳಿನಲ್ಲೇ ಕರಗಿ ರಕ್ತ ಸೇರುವುದರಿಂದ ಈ ಬ್ಯಾಕ್ಟೀರಿಯಾಗಳಿಗೆ ಸಿಗುವುದು ಮುಖ್ಯವಾಗಿ ನಾವು ಜೀರ್ಣಿಸಿಕೊಳ್ಳಲಾರದ ನಾರು ಮತ್ತು ಜೀರ್ಣಕ್ಕೆ ಜಗ್ಗದ ಪಿಷ್ಟ. ಅದನ್ನು ಹುದುಗಿಸಿ ಅವು ಬ್ಯುಟಿರೇಟ್‌ನಂಥ ಪುಟ್ಟ ಆಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳು ತಮಗೆ ಬೇಕಾದ ಶಕ್ತಿಯ ಬಹುಭಾಗವನ್ನು ಪಡೆಯುವುದು ಈ ಬ್ಯುಟಿರೇಟ್‌ನಿಂದ. ನಾರು ಸಿಗದೆ ಹಸಿದ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಕರುಳಿನ ಗೋಡೆಯನ್ನು ಕಾಯುವ ಲೋಳೆಯನ್ನೇ ತಿನ್ನಲು ತೊಡಗುತ್ತವೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ವಯಸ್ಸಾದಂತೆ ಈ ಜೀವಿಗಳ ವೈವಿಧ್ಯ ತಗ್ಗುವುದು, ಬೈಫಿಡೋಬ್ಯಾಕ್ಟೀರಿಯಾದಂಥ ಉಪಕಾರಿಗಳು ಕಡಿಮೆಯಾಗುವುದು ಸಾಮಾನ್ಯ. ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾಗಳ ತುಣುಕುಗಳು ರಕ್ತಕ್ಕೆ ನುಸುಳಿ, ಜ್ವರವೂ ಇಲ್ಲದೆ ನೋವೂ ಇಲ್ಲದೆ, ಬೂದಿ ಮುಚ್ಚಿದ ಕೆಂಡದಂಥ ಉರಿಯೂತ ಉಳಿಯುತ್ತದೆ. ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ಮುಪ್ಪಿಗೆ ಅಂಟಿಕೊಂಡ ಇಂಥ ಉರಿಯೂತದ ಪರಿಕಲ್ಪನೆಯನ್ನು ಮುಂದಿಟ್ಟರು. ಸ್ನಾಯು ಕರಗುವುದು, ಸಕ್ಕರೆ ಕಾಯಿಲೆ, ರಕ್ತನಾಳಗಳ ಕಾಯಿಲೆ, ಇವೆಲ್ಲದರ ಜೊತೆಗೂ ಅದರ ನಂಟಿದೆ.

ಇದರಲ್ಲಿ ವಯಸ್ಸಿನ ಪಾಲೆಷ್ಟು, ಊಟದ ಪಾಲೆಷ್ಟು ಎಂಬುದಕ್ಕೆ ಒಳ್ಳೆಯ ಸುಳಿವು ಕೊಟ್ಟದ್ದು ಐರ್ಲೆಂಡಿನ ಕಾರ್ಕ್ ನಗರದ ಅಧ್ಯಯನ. 2012ರಲ್ಲಿ ಪ್ರಕಟವಾದ ಅದರಲ್ಲಿ 178 ವೃದ್ಧರ ಕರುಳಿನ ಜೀವಿಗಳನ್ನು ಪರೀಕ್ಷಿಸಲಾಗಿತ್ತು. ತಮ್ಮ ಊರಿನಲ್ಲಿ, ತಮ್ಮ ಮನೆಯಲ್ಲಿ ಬಗೆಬಗೆಯ ಆಹಾರ ತಿನ್ನುತ್ತಿದ್ದವರ ಕರುಳಿನಲ್ಲಿ ವೈವಿಧ್ಯವಿತ್ತು. ಆರೈಕೆ ಕೇಂದ್ರಗಳಲ್ಲಿ ದೀರ್ಘಕಾಲ ಇದ್ದು ನಾರು ಕಡಿಮೆಯ ಏಕತಾನದ ಊಟ ಮಾಡುತ್ತಿದ್ದವರಲ್ಲಿ ಅದು ಕುಸಿದಿತ್ತು; ಅವರು ಹೆಚ್ಚು ದುರ್ಬಲರೂ ಆಗಿದ್ದರು. ಊಟ ಮೊದಲು ಬದಲಾಗಿ, ಕರುಳಿನ ಜೀವಿಗಳು ನಂತರ ಬದಲಾಗಿದ್ದವು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಐದು ಐರೋಪ್ಯ ದೇಶಗಳ 612 ಹಿರಿಯರನ್ನು ಒಂದು ವರ್ಷ ಗಮನಿಸಲಾಯಿತು. ತರಕಾರಿ, ಕಾಳು, ಇಡಿಧಾನ್ಯ ಹೆಚ್ಚಿರುವ ಮೆಡಿಟರೇನಿಯನ್ ಊಟಕ್ರಮವನ್ನು ಸರಿಯಾಗಿ ಪಾಲಿಸಿದವರಲ್ಲಿ ದೌರ್ಬಲ್ಯದ ಮತ್ತು ಉರಿಯೂತದ ಕೆಲವು ಸೂಚಕಗಳು ಇಳಿದಿದ್ದವು. ಅಂದರೆ ಎಪ್ಪತ್ತರಲ್ಲೂ ಕರುಳು ತಿದ್ದಿಕೊಳ್ಳಬಲ್ಲದು.

ಇದಕ್ಕಾಗಿ ಹೇರೋಹಳ್ಳಿಯವರು ಮೆಡಿಟರೇನಿಯನ್ ಊಟದ ಆಲಿವ್ ಎಣ್ಣೆಗೆ ಹುಡುಕಾಡಬೇಕಿಲ್ಲ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕದಲ್ಲೇ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ 10 ಮಿಲಿಗ್ರಾಂನೊಳಗೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆನ್ನುತ್ತದೆ. ರಾಗಿ ಮುದ್ದೆ, ಕಾಳಿನ ಸಾರು, ಒಂದು ಪಲ್ಯ ಇರುವ ಊಟ ಆ ಗುರಿಯ ಹತ್ತಿರಕ್ಕೆ ಒಯ್ಯುತ್ತದೆ. ಹಿಟ್ಟನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು ತೌಡು ಬಿಸಾಡಿದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಮುದ್ದೆಯ ಇನ್ನೊಂದು ಗುಣವನ್ನು ಪೌಷ್ಟಿಕಾಂಶದ ಕೋಷ್ಟಕಗಳು ಹೇಳುವುದಿಲ್ಲ. ಅದನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಬೇಳೆ, ಸೊಪ್ಪು ಬೇಯಿಸಿ ಮಸೆದ ಮಸ್ಸೊಪ್ಪಿಗೂ ಹಲ್ಲು ಬೇಡ. ಸಿಪ್ಪೆ ತೆಗೆದ ಹಿತಕಿದ ಅವರೆಬೇಳೆಯಲ್ಲಿ ನಾರು ಸ್ವಲ್ಪ ಕಡಿಮೆ, ಆದರೆ ವಸಡಿಗೆ ಹಿತ. ಹಲ್ಲು ಹೋದ ಬಾಯಿಗೂ ನಾರು ತುಂಬಿದ ಊಟ ಸಿಗುವಂತೆ ಮಾಡುವ ಅಡುಗೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಕಾಯಿಲೆಯಿಂದ ನುಂಗಲು ತೊಡಕಿರುವವರಿಗೆ ಮಾತ್ರ ಮುದ್ದೆ ಅಪಾಯ. ಅವರಿಗೆ ಏನನ್ನು ಎಷ್ಟು ಗಟ್ಟಿಯಾಗಿ ಕೊಡಬೇಕೆಂಬುದನ್ನು ವೈದ್ಯರೇ ಹೇಳಬೇಕು.

ರಾಗಿಗೆ ಸಲ್ಲದ ಕೀರ್ತಿಯೂ ಅಂಟಿಕೊಂಡಿದೆ. ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಎಂಬುದು ತಪ್ಪು. ರಾಗಿಯಲ್ಲೂ ಮೂರನೇ ಎರಡು ಭಾಗ ಪಿಷ್ಟವೇ. ನುಣ್ಣನೆ ಹಿಟ್ಟಿನ ಗಂಜಿ, ಬೆಲ್ಲ ಹಾಕಿದ ಮಾಲ್ಟ್ ಸಕ್ಕರೆಯನ್ನು ಬೇಗನೆ ಏರಿಸುತ್ತವೆ. ಕಾಳು, ಸೊಪ್ಪಿನ ಜೊತೆ ಅಳತೆಯಲ್ಲಿ ಉಂಡ ಮುದ್ದೆಯ ಮಾತು ಬೇರೆ. ರಾತ್ರಿ ಉಳಿದ ತಂಗಳು ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವ ರೂಢಿಯಲ್ಲೂ ಅರ್ಥವಿದೆ: ಬೆಂದ ಪಿಷ್ಟ ಆರಿದಾಗ ಅದರ ಒಂದಂಶ ಜೀರ್ಣಕ್ಕೆ ಜಗ್ಗದ ರೂಪ ತಾಳುತ್ತದೆ, ದೊಡ್ಡ ಕರುಳಿನವರೆಗೆ ಸಾಗುತ್ತದೆ.

ಕರುಳಿಗೆ ನಾರಿನ ಪ್ರಮಾಣದಷ್ಟೇ ಅದರ ಬಗೆಯೂ ಮುಖ್ಯ. ಒಂದೊಂದು ಸಸ್ಯದ ನಾರು ಒಂದೊಂದು ಬಗೆಯ ಬ್ಯಾಕ್ಟೀರಿಯಾವನ್ನು ಸಾಕುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕನ್ ಗಟ್ ಯೋಜನೆಯ ವರದಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾದರಿಗಳನ್ನು ನೋಡಿತ್ತು. ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಿನ ವೈವಿಧ್ಯ, ಹತ್ತರೊಳಗೆ ತಿನ್ನುವವರಿಗಿಂತ ಹೆಚ್ಚಿತ್ತು. ಮೂವತ್ತೆಂದರೆ ಗಾಬರಿಯಾಗಬಹುದು. ಬೆರಕೆ ಸೊಪ್ಪಿನ ಸಾರು ಬಲ್ಲವರಿಗೆ ಅದು ದೊಡ್ಡ ಸಂಖ್ಯೆಯಲ್ಲ. ದಂಟು, ಗಣಿಕೆ, ಅಣ್ಣೆ, ಕಿರಕಸಾಲೆ, ಹೊನಗೊನ್ನೆ, ನುಗ್ಗೆ, ಒಂದೆಲಗ ಹೀಗೆ ಹೊಲದ ಬದುವಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಒಂದೇ ಮಡಕೆಗೆ ಬೀಳುತ್ತಿತ್ತು. ಮಾಗಡಿ ರಸ್ತೆಯ ಇಕ್ಕೆಲಗಳಲ್ಲಿ ಬದು ಹೋಗಿ ಸೈಟು ಬಂದಾಗ ರಾಗಿಯ ಜೊತೆ ಈ ಸೊಪ್ಪುಗಳೂ ಹೋದವು. ರಾಗಿ ಅಂಗಡಿಯಲ್ಲಾದರೂ ಸಿಗುತ್ತದೆ. ಬೆರಕೆ ಸೊಪ್ಪಿನಲ್ಲಿ ಬಹಳಷ್ಟು ಮಾರುಕಟ್ಟೆಗೆ ಬರುವುದೇ ಅಪರೂಪ. ಹೀಗೆ ನೋಡಿದರೆ ಹೆಚ್ಚಿನ ನಷ್ಟ ಸೊಪ್ಪಿನದು. ದಿನಕ್ಕೊಂದು ಬಗೆಯ ಸೊಪ್ಪಿನ ಕಟ್ಟು ಕೊಳ್ಳುವುದು, ಮಹಡಿಯ ಕುಂಡದಲ್ಲಿ ಒಂದೆಲಗ ಹಾಕುವುದು ಅದಕ್ಕೆ ತಕ್ಕಮಟ್ಟಿನ ಪರಿಹಾರ.

ಕಾಳಿನ ಬಗ್ಗೆ ಇರುವ ದೂರು ಗ್ಯಾಸ್. ಹುರುಳಿ, ಅಲಸಂದೆ, ಅವರೆಯಲ್ಲಿರುವ ಕೆಲವು ಸಕ್ಕರೆಗಳನ್ನು ಬ್ಯಾಕ್ಟೀರಿಯಾಗಳು ಹುದುಗಿಸುವಾಗ ಗಾಳಿ ಹುಟ್ಟುತ್ತದೆ. ಅದು ಕರುಳು ಕೆಟ್ಟಿದೆ ಎಂಬುದರ ಗುರುತಲ್ಲ. ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿದರೆ, ಮೊಳಕೆ ಕಟ್ಟಿದರೆ ಆ ಸಕ್ಕರೆಗಳು ಕಡಿಮೆಯಾಗುತ್ತವೆ. ಬಹುಕಾಲ ಕಾಳು ಬಿಟ್ಟವರು ಎರಡು ಚಮಚದಿಂದ ಶುರುಮಾಡಿ ವಾರಗಳ ಮೇಲೆ ಏರಿಸುತ್ತ ಹೋದರೆ ಕರುಳು ಹೊಂದಿಕೊಳ್ಳುತ್ತದೆ. ಒಮ್ಮೆಲೇ ಬಟ್ಟಲು ತುಂಬ ತಿಂದು, ಹೊಟ್ಟೆ ಉಬ್ಬಿ, ಮತ್ತೆ ಮುಟ್ಟದಿರುವವರೇ ಹೆಚ್ಚು. ಬಸ್ಸಾರಿನಲ್ಲಿ ಬಸಿದ ಕಟ್ಟಷ್ಟೇ ಉಂಡು ಪಲ್ಯವನ್ನು ತಟ್ಟೆಯಂಚಿಗೆ ತಳ್ಳಿದರೂ ನಷ್ಟ. ನಾರು, ಪ್ರೋಟೀನುಗಳ ದೊಡ್ಡ ಪಾಲು ಇರುವುದು ಆ ಪಲ್ಯದಲ್ಲೇ. ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು 2013ರಲ್ಲಿ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ಮಾಡಿದ ಶಿಫಾರಸು. ಅನ್ನ-ತಿಳಿಸಾರಿನಿಂದ ಅದು ಒದಗದು. ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಬೇಕು.

ಹುಳಿ ಹಾಲಿನಿಂದ ಆಯುಷ್ಯ ಹೆಚ್ಚುತ್ತದೆಂಬ ವಾದವನ್ನು ಪ್ರಯೋಗಾಲಯಕ್ಕೆ ತಂದವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಎಲಿ ಮೆಚ್ನಿಕಾಫ್. ರೋಗನಿರೋಧಕ ಶಕ್ತಿಯ ಸಂಶೋಧನೆಗೆ 1908ರಲ್ಲಿ ನೊಬೆಲ್ ಪಡೆದ ಅವರು ಬಲ್ಗೇರಿಯಾದ ಮೊಸರಿನ ಗುಣವನ್ನು ಸಾರಿ, ತಾವೂ ಹುಳಿ ಹಾಲು ಕುಡಿಯುತ್ತಿದ್ದರು. ತೀರಿಕೊಂಡದ್ದು 71ಕ್ಕೆ. ವಾದ ಉತ್ಪ್ರೇಕ್ಷೆಯಾದರೂ ದಿಕ್ಕು ತಪ್ಪಿರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 36 ಆರೋಗ್ಯವಂತರಿದ್ದರು. ಅವರಲ್ಲಿ ಹತ್ತು ವಾರ ಹುದುಗಿದ ಆಹಾರ ತಿಂದ ಗುಂಪಿನವರ ಕರುಳಿನ ವೈವಿಧ್ಯ ಹೆಚ್ಚಿ, ರಕ್ತದಲ್ಲಿ ಉರಿಯೂತದ 19 ಪ್ರೋಟೀನುಗಳು ಇಳಿದವು.

ಹುದುಗಿದ್ದೆಲ್ಲ ಒಂದೇ ಅಲ್ಲ. ಇಡ್ಲಿ, ದೋಸೆಯ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾಗಳು ತುಂಬಿದ್ದರೂ ಹಬೆಗೆ, ಕಾವಲಿಗೆ ಸಾಯುತ್ತವೆ. ಹುದುಗುವಿಕೆಯಿಂದ ಖನಿಜಗಳು ಸುಲಭವಾಗಿ ದಕ್ಕುವ ಲಾಭವಷ್ಟೇ ಉಳಿಯುತ್ತದೆ. ಕುದಿಸಿದ ಮಜ್ಜಿಗೆ ಹುಳಿಯದೂ ಇದೇ ಕತೆ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ನೀರು ಮಜ್ಜಿಗೆ, ಆರಿಸಿದ ರಾಗಿ ಗಂಜಿಗೆ ಮಜ್ಜಿಗೆ ಬೆರೆಸಿ ಇಡೀ ರಾತ್ರಿ ಇಟ್ಟ ಅಂಬಲಿ ಜೀವಂತ. ಹಾಲು ಕುಡಿದರೆ ಹೊಟ್ಟೆ ಕೆಡುವ ಹಿರಿಯರಿಗೂ ಮೊಸರು ಒಗ್ಗುತ್ತದೆ, ಏಕೆಂದರೆ ಹಾಲಿನ ಲ್ಯಾಕ್ಟೋಸ್ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಆಗಲೇ ಒಂದಷ್ಟು ಒಡೆದಿರುತ್ತವೆ. ಉಪ್ಪಿನಕಾಯಿಯನ್ನು ಈ ಸಾಲಿಗೆ ಸೇರಿಸಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ದಿನವಿಡೀ 5 ಗ್ರಾಂ ಮೀರಬಾರದ ಉಪ್ಪಿನಲ್ಲಿ ದೊಡ್ಡ ಪಾಲು ಅದರಲ್ಲೇ ಮುಗಿಯುತ್ತದೆ.

ಊಟ ಸರಿಹೋದರೂ ಕರುಳನ್ನು ಕೆಡಿಸುವುದು ಮಾತ್ರೆಗಳ ಡಬ್ಬಿ. ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಗ್ಯಾಸ್ಟ್ರಿಕ್ ಮಾತ್ರೆಗಳು ಕೆಲವು ವಾರಗಳ ಚಿಕಿತ್ಸೆಗೆ ಒಳ್ಳೆಯವು. ಬಹಳ ಮನೆಗಳಲ್ಲಿ ಅವು ವರ್ಷಗಟ್ಟಲೆ ಮುಂದುವರಿಯುತ್ತವೆ. ಹೊಟ್ಟೆಯ ಆಮ್ಲ ತಗ್ಗಿದರೆ ಕರುಳಿನ ಸೋಂಕಿನ ಅಪಾಯ ಹೆಚ್ಚುತ್ತದೆ, ಬಿ12 ಹೀರಿಕೊಳ್ಳುವುದು ಕುಂಠಿತವಾಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬಿ12 ತಗ್ಗಿಸುತ್ತದೆ. ಸಸ್ಯಾಹಾರಿ ಹಿರಿಯರು ಇವೆರಡನ್ನೂ ನುಂಗುತ್ತಿದ್ದರೆ ಪಾದ ಜೋಮು ಹಿಡಿಯುವುದನ್ನು, ಮರೆವನ್ನು ಬರೀ ವಯಸ್ಸಿನ ತಲೆಗೆ ಕಟ್ಟುವ ಮೊದಲು ಬಿ12 ರಕ್ತಪರೀಕ್ಷೆ ಮಾಡಿಸುವುದು ಮೇಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು, ಕೆಲವು ನೋವಿನ ಮಾತ್ರೆಗಳು ಮಲಬದ್ಧತೆ ತರುತ್ತವೆ. ವಯಸ್ಸಾದವರಿಗೆ ಬಾಯಾರಿಕೆಯೇ ಕಡಿಮೆ. ರಾತ್ರಿ ಎದ್ದೇಳಬೇಕಾದೀತೆಂದು ಸಂಜೆಯ ನೀರನ್ನೂ ಬಿಡುತ್ತಾರೆ. ನೀರು ಕಡಿಮೆಯಿದ್ದು ನಾರು ಹೆಚ್ಚಾದರೆ ಮಲ ಕಟ್ಟುವುದೇ ಹೆಚ್ಚು. ಇಸಬಗೋಲು ನುಂಗಿದ ಮೇಲೆ ಲೋಟ ತುಂಬ ನೀರು ಬೇಕೇ ಬೇಕು.

ವೃದ್ಧಾಪ್ಯವನ್ನು ಕನ್ನಡ ನಾಡಿನಲ್ಲೇ ದೀರ್ಘಕಾಲ ಅಳೆಯುವ ಕೆಲಸವೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಸುಮಾರು 10,000 ಗ್ರಾಮೀಣರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ಕೈಗೊಂಡಿದೆ. ಅದರ ಮುಖ್ಯ ಗುರಿ ಮರೆವಿನ ಕಾಯಿಲೆ. ಆದರೂ ರಾಗಿ ಉಣ್ಣುವ ಸೀಮೆಯ ಮುಪ್ಪು ಹೇಗೆ ಸಾಗುತ್ತದೆಂಬುದರ ಮಾಹಿತಿ ಐರ್ಲೆಂಡಿನಿಂದ ಎರವಲು ತರಬೇಕಾಗದ ಕಾಲಕ್ಕೆ ಇದು ದಾರಿ.

ರಾಗಿ, ಕಾಳು, ಸೊಪ್ಪಿನ ಈ ಊಟ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಂದುವುದಿಲ್ಲ. ಕಿಡ್ನಿ ಕಾಯಿಲೆ ಮುಂದುವರಿದವರಿಗೆ ಕಾಳು, ಸೊಪ್ಪಿನ ಪೊಟ್ಯಾಸಿಯಂ, ರಂಜಕ ಹೆಚ್ಚಾಗಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಬಿಡಬೇಕಿಲ್ಲ, ಆದರೆ ಪ್ರಮಾಣವನ್ನು ದಿನಕ್ಕೊಂದು ಥರ ಏರುಪೇರು ಮಾಡಬಾರದು. ಐವತ್ತು ದಾಟಿದವರಲ್ಲಿ ಮಲವಿಸರ್ಜನೆಯ ರೂಢಿ ಇದ್ದಕ್ಕಿದ್ದಂತೆ ಬದಲಾಗಿ ವಾರಗಟ್ಟಲೆ ಹಾಗೇ ಉಳಿದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರ ಬಳಿ ಹೋಗಬೇಕು. ಅಗತ್ಯವೆಂದರೆ ಕೊಲೊನೊಸ್ಕೋಪಿ ಮಾಡಿಸಬೇಕು. ದೊಡ್ಡ ಕರುಳಿನ ಕ್ಯಾನ್ಸರ್ ಮೊದಲ ಹಂತದಲ್ಲಿ ಸಿಕ್ಕಿದರೆ ಗುಣವಾಗುವ ಸಾಧ್ಯತೆ ಹೆಚ್ಚು.