ಟೈಂಪಾಸ್ ಆಟ, ರ್‍ಯಾಂಕ್ ಆಟ

ಕಾಲೇಜಿಗೆ ಮೊಬೈಲ್ ತರುವಂತಿಲ್ಲ. ಆದರೂ ಊಟದ ಬಿಡುವಿನಲ್ಲಿ ಹುಡುಗರು ಹೆಚ್ಚು ಮಾತಾಡುವುದು ಹಿಂದಿನ ರಾತ್ರಿ ಆಡಿದ ಬಿಜಿಎಂಐ ಬಗ್ಗೆ. ಕೆಲವೊಮ್ಮೆ ಅದು ಜಗಳಕ್ಕೂ ತಿರುಗುತ್ತದೆ. ಯಾರು ಚೆನ್ನಾಗಿ ಆಡಿದರು ಎಂಬುದು ಆ ಜಗಳದ ಕಾರಣವಲ್ಲ. ಒಬ್ಬ ಟೈಂಪಾಸ್‌ಗೆ ಆಡುತ್ತಿದ್ದ, ಇನ್ನೊಬ್ಬ ರ್‍ಯಾಂಕ್‌ಗಾಗಿ ಆಡುತ್ತಿದ್ದ, ಅಷ್ಟೇ. ಇವೆರಡೂ ಹೇಗೆ ಬೇರೆ ಎಂಬುದನ್ನು ಆಡದವರಿಗೂ, ನಮ್ಮ ಉಪನ್ಯಾಸಕರಿಗೂ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ.

ಕ್ಲಾಸಿಕ್ ಆಟದಲ್ಲಿ 100 ಮಂದಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಸುರಕ್ಷಿತ ವಲಯ ಕಿರಿದಾಗುತ್ತಾ ಹೋಗುತ್ತದೆ, ಕೊನೆಗೆ ಉಳಿದವರು ಗೆದ್ದಂತೆ. ರ್‍ಯಾಂಕ್ ಆಟದಲ್ಲಾದರೆ ನೀವು ಎಷ್ಟನೇ ಸ್ಥಾನದವರೆಗೆ ಉಳಿದಿರಿ, ಎಷ್ಟು ಮಂದಿಯನ್ನು ಹೊಡೆದಿರಿ ಎಂಬುದಕ್ಕೆ ಅಂಕ ಸಿಗುತ್ತದೆ. ಬೇಗ ಸತ್ತರೆ ಇದ್ದ ಅಂಕವೂ ಹೋಗುತ್ತದೆ. ಬ್ರಾಂಝ್‌ನಿಂದ ಹತ್ತುತ್ತಾ ಹೋದರೆ ತುದಿಯಲ್ಲಿ ಕಾಂಕರರ್. ಅದು ಮೊದಲ 500 ಆಟಗಾರರಿಗೆ ಮಾತ್ರ. ಸೀಸನ್ ಮುಗಿದರೆ ಎಲ್ಲರೂ ಕೆಳಗಿಳಿದು ಮತ್ತೆ ಹತ್ತಬೇಕು.

ಇದರಿಂದ ಆಡುವ ರೀತಿಯೇ ಬದಲಾಗುತ್ತದೆ. ಟೈಂಪಾಸ್‌ಗೆ ಆಡುವವನು ಸೀದಾ ಪೊಚಿಂಕಿಗೆ ಹಾರುತ್ತಾನೆ, ಎರಡು ನಿಮಿಷದಲ್ಲಿ ಸತ್ತರೂ ನಗುತ್ತಾನೆ. ರ್‍ಯಾಂಕ್‌ನವನು ಊರ ಹೊರಗಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾನೆ. ನೋಡುವವರಿಗೆ ಬೋರು, ಆದರೆ ಅವನ ಲೆಕ್ಕ ಸರಿ. ಈ ಇಬ್ಬರೂ ಒಂದೇ ಸ್ಕ್ವಾಡ್‌ನಲ್ಲಿದ್ದರೆ ಮರುದಿನ ಮಾತು ಬಿಡುವುದು ಖಂಡಿತ.

ಆಟಗಾರನ ಬಲವನ್ನು ಸಂಖ್ಯೆಯಲ್ಲಿ ಹೇಳುವ ಪದ್ಧತಿ ವಿಡಿಯೋ ಗೇಮ್‌ನದ್ದಲ್ಲ, ಚೆಸ್‌ನಿಂದ ಬಂದದ್ದು. ಹಂಗೇರಿ ಮೂಲದ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾಡ್ ಎಲೊ ರೂಪಿಸಿದ ರೇಟಿಂಗ್ ಕ್ರಮವನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ನಿಮಗಿಂತ 400 ಅಂಕ ಮೇಲಿರುವವನು 11 ಆಟಗಳಲ್ಲಿ ಸುಮಾರು 10 ಅಂಕ ಗಳಿಸುತ್ತಾನೆಂದು ಆ ಲೆಕ್ಕ ನಿರೀಕ್ಷಿಸುತ್ತದೆ. ಅವನನ್ನು ಸೋಲಿಸಿದರೆ ನಿಮಗೆ ತುಂಬಾ ಲಾಭ, ಸೋತರೆ ನಷ್ಟ ಅಲ್ಪ. ಆದರೆ ಗೆದ್ದಷ್ಟೂ ನಿಮ್ಮೆದುರು ಇನ್ನೂ ಬಲಿಷ್ಠರೇ ಬರುತ್ತಾರೆ. ಕೊನೆಗೆ ಅರ್ಧ ಗೆಲುವು, ಅರ್ಧ ಸೋಲು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಎಷ್ಟು ಕಲಿತರೂ ಆಟ ಸುಲಭವಾಗುವುದಿಲ್ಲ! ಲಿಚೆಸ್‌ನಲ್ಲಿ ಆಟ ಶುರು ಮಾಡುವ ಮೊದಲೇ 'ಕ್ಯಾಶುಯಲ್' ಅಥವಾ 'ರೇಟೆಡ್' ಎಂದು ಆರಿಸಿಕೊಳ್ಳಬಹುದು. ನನಗೆ ಅದು ತುಂಬಾ ಒಳ್ಳೆಯ ಕ್ರಮ ಅನಿಸುತ್ತದೆ, ಏಕೆಂದರೆ ಎದುರಿನವನಿಗೂ ಗೊತ್ತಿರುತ್ತದೆ.

ದೊಡ್ಡ ತೊಂದರೆ ಸಮಯದ್ದು. ಕ್ಲಾಸಿಕ್ ಆಟ ಪೂರ್ತಿ ಆಡಿದರೆ ಸುಮಾರು ಅರ್ಧ ಗಂಟೆ, ನಡುವೆ ನಿಲ್ಲಿಸುವ ಬಟನ್ ಇಲ್ಲ. ಮಗ್ರಿಬ್ ಅಜಾನ್ ಆಯಿತೆಂದೋ, ಉಮ್ಮ ಊಟಕ್ಕೆ ಕರೆದರೆಂದೋ ಎದ್ದು ಹೋದರೆ ಉಳಿದ ಮೂವರ ಅಂಕವೂ ಅಪಾಯದಲ್ಲಿ. 18 ವರ್ಷ ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟೇ ಈ ಆಟ 2021ರಲ್ಲಿ ಇಲ್ಲಿಗೆ ಬಂತು. ಅಂದರೆ ಕೊನೆಯವರೆಗೆ ಆಡಿದರೆ ಆರು ಆಟ. ಪಿಯುಸಿ ಓದುವವನಿಗೆ ಆ ಮೂರು ಗಂಟೆಯೂ ಎಲ್ಲಿಂದ ಬರಬೇಕು?

ಟಿಡಿಎಂ ಹಾಗಲ್ಲ. ನಾಲ್ವರ ಎದುರು ನಾಲ್ವರು, 40 ಹೊಡೆತಕ್ಕೆ ಮೊದಲು ತಲುಪಿದ ತಂಡ ಗೆದ್ದಿತು, ಸತ್ತವನು ಮತ್ತೆ ಎದ್ದು ಬರುತ್ತಾನೆ. ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಈಗ ನಮ್ಮ ಗುಂಪಿನಲ್ಲಿ ಲಾಬಿಗೆ ಬಂದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಇವತ್ತು ಪುಶ್ಶಾ, ಟೈಂಪಾಸಾ?" ಪರೀಕ್ಷೆಯ ವಾರದಲ್ಲಿ ಆ ಪ್ರಶ್ನೆಯೂ ಇಲ್ಲ, ಒಂದು ಟಿಡಿಎಂ ಆಡಿ ಎಲ್ಲರೂ ಆಫ್‌ಲೈನ್.