ಗಿರಗಾಂವದ ಪ್ರಾರ್ಥನಾಮಂದಿರದ ಭಾನುವಾರದ ಉಪದೇಶ

ಮುಂಬಯಿಯ ಗಿರಗಾಂವದಲ್ಲಿ, ರಾಜಾ ರಾಮಮೋಹನ ರಾಯರ ಹೆಸರನ್ನು ಹೊತ್ತ ರಸ್ತೆಯ ಮಗ್ಗುಲಲ್ಲಿರುವ ಪ್ರಾರ್ಥನಾ ಸಮಾಜದ ಮಂದಿರದಲ್ಲಿ ವಿಗ್ರಹವಿಲ್ಲ, ವಂಶಪಾರಂಪರ್ಯದ ಅರ್ಚಕರಿಲ್ಲ, ಇದೊಂದೇ ಪ್ರಮಾಣವೆಂದು ಎತ್ತಿಹಿಡಿಯುವ ಗ್ರಂಥವೂ ಇಲ್ಲ. ಇಷ್ಟನ್ನೆಲ್ಲ ತೊರೆದ ಮೇಲೆ ದೇವಾಲಯವೆಂಬುದರಲ್ಲಿ ಉಳಿಯುವುದೇನು ಎಂಬ ಪ್ರಶ್ನೆಗೆ ಅಲ್ಲಿನ ಭಾನುವಾರದ ಉಪಾಸನೆಯೇ ಉತ್ತರ: ಸ್ತವನ, ಪ್ರಾರ್ಥನೆ, ಮರಾಠಿ ಸಂತರ ಅಭಂಗಗಳ ಗಾನ, ಮತ್ತು ಇವುಗಳ ನಡುವೆ ಸಭೆಯ ಗೃಹಸ್ಥನೊಬ್ಬನು ಎದ್ದು ನಿಂತು ಈಶ್ವರನನ್ನೂ ಮನುಷ್ಯನ ನಡತೆಯನ್ನೂ ಕುರಿತು ಆಡುವ ಉಪದೇಶ.

ಸಮಾಜವು ಹುಟ್ಟಿದುದು 1867ರ ಮಾರ್ಚ್ ತಿಂಗಳಲ್ಲಿ, ವೈದ್ಯರಾದ ಆತ್ಮಾರಾಮ ಪಾಂಡುರಂಗರ ನೇತೃತ್ವದಲ್ಲಿ. ಅದಕ್ಕೆ ಮೊದಲು 1849ರಲ್ಲಿ ಮುಂಬಯಿಯ ಸುಶಿಕ್ಷಿತ ತರುಣರು ಪರಮಹಂಸ ಸಭೆಯೆಂಬ ಗುಪ್ತಮಂಡಲಿಯನ್ನು ಕಟ್ಟಿ, ಮುಚ್ಚಿದ ಬಾಗಿಲ ಹಿಂದೆ ಜಾತಿಭೇದವಿಲ್ಲದೆ ಸಹಭೋಜನ ನಡೆಸುತ್ತಿದ್ದರು. ಸದಸ್ಯರ ಹೆಸರುಗಳು ಹೊರಬೀಳುತ್ತಲೇ ಬಹಿಷ್ಕಾರದ ಭಯದಿಂದ ಆ ಸಭೆ ಚದುರಿಹೋಯಿತು. ಬ್ರಾಹ್ಮಸಮಾಜದ ಮುಂದಾಳು ಕೇಶವಚಂದ್ರ ಸೇನರು ಕಲ್ಕತ್ತೆಯಿಂದ ಬಂದು ಮಾಡಿದ ಭಾಷಣಗಳು ಹಳೆಯ ಬೂದಿಯೊಳಗಿನ ಕೆಂಡವನ್ನು ಮತ್ತೆ ಊದಿದುವು. ಈ ಸಲ ಬಾಗಿಲನ್ನು ಮುಚ್ಚಲಿಲ್ಲ.

ಮಹಾದೇವ ಗೋವಿಂದ ರಾನಡೆಯವರೂ ರಾಮಕೃಷ್ಣ ಗೋಪಾಲ ಭಾಂಡಾರಕರರೂ ಸಮಾಜವನ್ನು ಸೇರಿದ ಮೇಲೆ ಉಪದೇಶವು ಗಾಂಭೀರ್ಯವನ್ನು ಪಡೆಯಿತು. ಒಬ್ಬರು ನ್ಯಾಯಾಧೀಶರು, ಇನ್ನೊಬ್ಬರು ಸಂಸ್ಕೃತದ ಮಹಾಪಂಡಿತರು. ಆದರೂ ಪೀಠದ ಮೇಲೆ ನಿಂತಾಗ ಇಬ್ಬರೂ ಆಶ್ರಯಿಸಿದುದು ಉಪನಿಷತ್ತಿನೊಡನೆ ತುಕಾರಾಮನನ್ನು, ವಿಠ್ಠಲಭಕ್ತನಾದ ಹಳ್ಳಿಗ ವಾರಕರಿಯೂ ಬಾಯಿಪಾಠವಾಗಿ ಬಲ್ಲ ಅಭಂಗಗಳನ್ನು. ಸುಧಾರಣೆಯು ಪಶ್ಚಿಮದಿಂದ ತಂದು ನೆಟ್ಟ ಸಸಿಯಲ್ಲ, ಏಕನಾಥ ತುಕಾರಾಮರು ಆರಂಭಿಸಿದ ಕಾರ್ಯದ ಮುಂದುವರಿಕೆಯೇ ಎಂದು ರಾನಡೆಯವರು ಮನಃಪೂರ್ವಕವಾಗಿ ನಂಬಿದ್ದರು. ಈ ನಂಬಿಕೆಯ ಬಲದಿಂದಲೇ ಅವರ ಉಪದೇಶಗಳು ಖಂಡನೆಯ ಕಾಠಿಣ್ಯವನ್ನು ಬಿಟ್ಟು ಭಕ್ತಿಯ ಆರ್ದ್ರತೆಯನ್ನು ಪಡೆದುವೆಂದು ನನಗೆ ತೋರುತ್ತದೆ. ಅವು ಮುಂದೆ ಮರಾಠಿಯಲ್ಲಿ ಪುಸ್ತಕರೂಪದಲ್ಲಿಯೂ ಪ್ರಕಟವಾದುವು.

ಆದರೆ ಮಾತಿಗೂ ಕೃತಿಗೂ ನಡುವಿನ ಅಂತರವನ್ನು ಮರೆಮಾಚಬಾರದು. ಜಾತಿಯನ್ನೂ ಯಜ್ಞೋಪವೀತವನ್ನೂ ತ್ಯಜಿಸಬೇಕೆಂಬ ನಿಯಮವನ್ನು ಸಮಾಜವು ವಿಧಿಸಲಿಲ್ಲ; ವಿಧವಾವಿವಾಹದ ಪಕ್ಷಪಾತಿಗಳಾದ ರಾನಡೆಯವರೇ ಪತ್ನೀವಿಯೋಗವಾದಾಗ ತಂದೆಯ ಒತ್ತಾಯಕ್ಕೆ ಮಣಿದು 1873ರಲ್ಲಿ ಬಾಲಿಕೆಯೊಬ್ಬಳ ಕೈಹಿಡಿದರು. ಬಂಗಾಳದ ಬ್ರಾಹ್ಮಸಮಾಜದವರ ಕಟ್ಟುನಿಟ್ಟನ್ನು ಕಂಡವರಿಗೆ ಇದು ದೌರ್ಬಲ್ಯವೆಂದು ತೋರುವುದು ಸಹಜ. ಸಮಾಜವು ದುಡಿಮೆಗಾರರಿಗಾಗಿ ರಾತ್ರಿಶಾಲೆಗಳನ್ನು ನಡೆಸಿತು, ಪಂಢರಪುರದ ಅನಾಥಾಶ್ರಮಕ್ಕೆ ಆಸರೆಯಾಯಿತು, ‘ಸುಬೋಧ ಪತ್ರಿಕೆ’ಯನ್ನು ಹೊರಡಿಸಿತು ಎಂಬುದನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗಬೇಕು.

ಕನ್ನಡಿಗರು ಈ ಮಂದಿರವನ್ನು ಪರಕೀಯವೆಂದು ಎಣಿಸುವಂತಿಲ್ಲ. 1901ರಲ್ಲಿ ರಾನಡೆಯವರು ತೀರಿಕೊಂಡ ಮೇಲೆ ಸಮಾಜದ ಧುರೀಣತ್ವವನ್ನು ವಹಿಸಿದ ನಾರಾಯಣ ಗಣೇಶ ಚಂದಾವರಕರರು ಹೊನ್ನಾವರದಲ್ಲಿ ಹುಟ್ಟಿದವರು. ಜಮಖಂಡಿಯಲ್ಲಿ ಜನಿಸಿದ ವಿಠ್ಠಲ ರಾಮಜಿ ಶಿಂದೆಯವರು ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಏಕೇಶ್ವರವಾದಿ ಕ್ರೈಸ್ತರಾದ ಯೂನಿಟೇರಿಯನ್ನರೊಡನೆ ಧರ್ಮಶಾಸ್ತ್ರವನ್ನು ಅಭ್ಯಸಿಸಿ, 1903ರಲ್ಲಿ ಹಿಂದಿರುಗಿ, ಸಮಾಜದ ಪ್ರಚಾರಕರಾದರು. ಭಾನುವಾರದ ಉಪದೇಶವು ಸೋಮವಾರದ ಬೀದಿಗೆ ಇಳಿಯಬೇಕೆಂಬ ಹಟ ಶಿಂದೆಯವರದು. ಅವರು 1906ರಲ್ಲಿ ಅಸ್ಪೃಶ್ಯರೆನಿಸಿದವರ ವಿದ್ಯಾಭ್ಯಾಸಕ್ಕಾಗಿ ನಿಮ್ನವರ್ಗಗಳ ಮಿಷನ್ನನ್ನು ಸ್ಥಾಪಿಸಿದಾಗ ಅದರ ಅಧ್ಯಕ್ಷಪದವಿಯನ್ನು ಸ್ವೀಕರಿಸಿದವರು ಚಂದಾವರಕರರೇ. ಇದೇ ಕಾರ್ಯವನ್ನು ಬ್ರಾಹ್ಮಸಮಾಜಕ್ಕೆ ಸೇರಿದ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ 1897ರಷ್ಟು ಹಿಂದೆಯೇ ಕೈಗೊಂಡಿದ್ದರೆಂಬುದು ನಮ್ಮ ನಾಡಿನ ಹೆಮ್ಮೆ.

ರಂಗರಾಯರ ಹೆಸರು ಕರಾವಳಿಯಲ್ಲಿ ಇಂದಿಗೂ ಜೀವಂತವಾಗಿದೆ. ಉಳಿದಿಬ್ಬರ ಹೆಸರು ಕನ್ನಡದ ಪಾಠಪುಸ್ತಕಗಳಲ್ಲಿ ಇರಬೇಕಾದಷ್ಟು ಇಲ್ಲ. ಹೊನ್ನಾವರದ, ಜಮಖಂಡಿಯ ಉಪಾಧ್ಯಾಯರಾದರೂ ತಮ್ಮೂರಿನ ಮಕ್ಕಳಿಗೆ ಇವರ ಚರಿತ್ರೆಯನ್ನು ಹೇಳಿಕೊಡಬೇಕೆಂದು ನನ್ನ ವಿನಂತಿ.