ಕೇಳುವುದನ್ನು ನಿಲ್ಲಿಸದ ಪ್ರೋಗ್ರಾಂ: ನಲವತ್ತು ಚೀಲ ಎಂಟುನೂರಾಗುವ ಬಗೆ

ಬ್ಯಾಡಗಿ: ಸೋಮವಾರ ಮತ್ತು ಗುರುವಾರ ಇಲ್ಲಿನ ಎಪಿಎಂಸಿ ಪ್ರಾಂಗಣದಲ್ಲಿ ಮೆಣಸಿನಕಾಯಿಯ ಇ-ಟೆಂಡರ್ ನಡೆಯುತ್ತದೆ. ಅಂದಿನ ಆವಕ ಎಷ್ಟು, ಧಾರಣೆ ಎಷ್ಟು ಎಂಬುದಕ್ಕೆ ಹಾವೇರಿ, ರಾಣೆಬೆನ್ನೂರಿನವರು ಮಾತ್ರವಲ್ಲದೆ ಬಳ್ಳಾರಿ, ರಾಯಚೂರು ಕಡೆಯ ಬೆಳೆಗಾರರೂ ಕಾದಿರುತ್ತಾರೆ. ದರ ಕುಸಿಯಿತೆಂದು ಕೆರಳಿದ ರೈತರು 2024ರ ಮಾರ್ಚ್ 11ರಂದು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಅದಕ್ಕೂ ಸಾಫ್ಟ್‌ವೇರಿಗೂ ಸಂಬಂಧವಿಲ್ಲ. ಆದರೆ ಇಂಥ ಪೇಟೆಯಲ್ಲಿ ತಪ್ಪು ಅಂಕಿಯೊಂದು ಸಣ್ಣ ಸಂಗತಿಯಲ್ಲ.

ಧಾರಣೆ ತೋರಿಸುವ ಮೊಬೈಲ್ ಆ್ಯಪ್ ಒಂದನ್ನು ಊಹಿಸಿಕೊಳ್ಳಿ. ಸರ್ವರಿನಿಂದ ಒಂದೊಂದೇ ಲಾಟಿನ ವಿವರ ಕಾಲುವೆಯ ನೀರಿನಂತೆ ಹರಿದು ಬರುತ್ತದೆ. ಇದೇ ಸ್ಟ್ರೀಮ್. ಹೊಸ ವಿವರ ಬಂದಾಗಲೆಲ್ಲ ಎಚ್ಚೆತ್ತು ಕೆಲಸ ಮಾಡುವ ಪ್ರೋಗ್ರಾಂ ತುಣುಕೇ ಲಿಸನರ್, ಅರ್ಥಾತ್ ಕೇಳುಗ.

ತೊಡಕಿರುವುದು ಕೇಳುಗನನ್ನು ನೇಮಿಸುವಲ್ಲಿ ಅಲ್ಲ, ಬಿಡುಗಡೆ ಮಾಡುವಲ್ಲಿ. ಬಳಕೆದಾರ ಡಬ್ಬಿ ಮೆಣಸಿನಕಾಯಿಯ ಪುಟ ತೆರೆದ, ಮುಚ್ಚಿದ, ಮತ್ತೆ ತೆರೆದ. ಪ್ರತಿ ಸಲವೂ ಹೊಸ ಕೇಳುಗ ಸೇರಿಕೊಂಡು ಹಳೆಯವನು ಹಾಗೆಯೇ ಉಳಿದರೆ, ಇಪ್ಪತ್ತನೆಯ ಸಲಕ್ಕೆ ಇಪ್ಪತ್ತು ಕೇಳುಗರು. ಆವಕದ ಮೊತ್ತವನ್ನು ಅವರೆಲ್ಲ ಒಂದೇ ಕಡೆ ಕೂಡಿಸುತ್ತಿದ್ದರಂತೂ 40 ಚೀಲದ ಲಾಟು ಪರದೆಯ ಮೇಲೆ 800 ಚೀಲವಾಗುತ್ತದೆ! ಆವಕ ಹೆಚ್ಚೆಂದು ನಂಬಿದ ರೈತ ಕಡಿಮೆ ದರಕ್ಕೂ ಒಪ್ಪಿಯಾನು. ಫೋನು ಮಂದವಾಗುವುದು, ಮೆಮೊರಿ ತುಂಬುವುದು ಇದರ ಮುಂದೆ ಗೌಣ.

ಬಳಸದ ಮೆಮೊರಿಯನ್ನು ಭಾಷೆಯೇ ತೆರವುಗೊಳಿಸುವುದಿಲ್ಲವೇ? ತೆರವುಗೊಳಿಸುತ್ತದೆ. ಆದರೆ ಸ್ಟ್ರೀಮ್ ಜೀವಂತವಿರುವಷ್ಟು ಕಾಲ ಅದು ತನ್ನ ಕೇಳುಗರ ಪಟ್ಟಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಟ್ಟಿಯಲ್ಲಿ ಹೆಸರಿರುವವನನ್ನು ಯಾರೂ ಹೊರಹಾಕರು.

ಜಾವಾಸ್ಕ್ರಿಪ್ಟಿನಲ್ಲಿ ಹೊಸಬರು ಎಡವುವುದು ಇನ್ನೊಂದು ಕಡೆ. ಕೇಳುಗನನ್ನು ತೆಗೆಯಬೇಕಾದರೆ ಸೇರಿಸುವಾಗ ಕೊಟ್ಟ ಅದೇ ಫಂಕ್ಷನ್ನನ್ನೇ ಮತ್ತೆ ಕೊಡಬೇಕು. ಅಕ್ಷರಶಃ ಹಾಗೆಯೇ ಬರೆದ ಮತ್ತೊಂದು ಫಂಕ್ಷನ್ ಕೊಟ್ಟರೆ ಏನೂ ಆಗದು, ದೋಷದ ಸಂದೇಶವೂ ಬಾರದು. ಆದ್ದರಿಂದ ಫಂಕ್ಷನ್ನಿಗೆ ಹೆಸರಿಟ್ಟು ಕಾಪಿಟ್ಟುಕೊಳ್ಳುವುದು ಲೇಸು. ಕೇಳುಗರು ಹಲವರಿದ್ದರೆ ಅಬಾರ್ಟ್ ಕಂಟ್ರೋಲರ್‌ನ ಒಂದೇ ಸಂಕೇತದಿಂದ ಎಲ್ಲರನ್ನೂ ಒಟ್ಟಿಗೆ ಬಿಡಿಸಬಹುದು. ಒಮ್ಮೆ ಮಾತ್ರ ಕೇಳಬೇಕಾದುದಕ್ಕೆ 'ಒನ್ಸ್' ಸೌಲಭ್ಯವಿದೆ. ಫ್ಲಟರ್ ಬಳಸುವವರು ಚಂದಾದಾರಿಕೆಯನ್ನು ಡಿಸ್ಪೋಸ್ ಹಂತದಲ್ಲಿ ರದ್ದುಪಡಿಸಬೇಕು.

ಸರ್ವರ್ ಬದಿಯ ನೋಡ್ ಜೆಎಸ್‌ನಲ್ಲಿ ಒಂದೇ ಘಟನೆಗೆ ಹತ್ತಕ್ಕಿಂತ ಹೆಚ್ಚು ಕೇಳುಗರಾದರೆ ಎಚ್ಚರಿಕೆ ಮೂಡುತ್ತದೆ. ಅದು ಎಚ್ಚರಿಕೆಯಷ್ಟೇ, ತಡೆಯಲ್ಲ. ಮಿತಿಯನ್ನು ನೂರಕ್ಕೇರಿಸಿ ನಿಟ್ಟುಸಿರುಬಿಡುವವರುಂಟು. ಸೋರುವ ಮಾಡಿನ ಕೆಳಗೆ ದೊಡ್ಡ ಪಾತ್ರೆ ಇಟ್ಟಂತೆ ಅದು. ಅಲ್ಲಿ ದತ್ತಾಂಶದ ಕೇಳುಗನನ್ನು ತೆಗೆದ ಮಾತ್ರಕ್ಕೆ ಹರಿವು ತಾನಾಗಿ ನಿಲ್ಲುವುದೂ ಇಲ್ಲ, ನಡುವೆ ಬಂದ ಲಾಟುಗಳು ಯಾರಿಗೂ ಸಿಗದೆ ಕಳೆದುಹೋಗಬಹುದು. ಹರಿವನ್ನು ಪ್ರತ್ಯೇಕವಾಗಿ ತಡೆಯಬೇಕು. 'ಎರರ್' ಘಟನೆಗಂತೂ ಒಬ್ಬ ಕೇಳುಗ ಇರಲೇಬೇಕು, ಇಲ್ಲದಿದ್ದರೆ ಸಂಪರ್ಕದ ಒಂದು ತೊಡಕಿಗೆ ಇಡೀ ಪ್ರೋಗ್ರಾಂ ಕುಸಿಯುತ್ತದೆ.

ಪರೀಕ್ಷೆ ಸುಲಭ. ಪುಟವನ್ನು ಐವತ್ತು ಸಲ ತೆರೆದು ಮುಚ್ಚಿ, ಕೇಳುಗರ ಸಂಖ್ಯೆ ಎಣಿಸಿ ನೋಡಬೇಕು. ಕೊನೆಗೆ ಮೊದಲಿನಷ್ಟೇ ಇದ್ದರೆ ಸರಿ.